ಅಂಗುಳಿನ ಲಾಲಾಗ್ರಂಥಿಯ ಕ್ಯಾನ್ಸರಿಗೆ ಎಲೆಯಡಿಕೆ ಕಾರಣವೇ? ಚಿಕಿತ್ಸೆ ಏನು?

ನಿಮ್ಮ ತಾಯಿಯವರ ಅಂಗುಳಿನ ಗಂಟು ಬಯಾಪ್ಸಿಯಲ್ಲಿ ‘ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮ’ (ಜೊಲ್ಲು ಒಸರುವ ಲಾಲಾಗ್ರಂಥಿಗಳ ಒಂದು ಬಗೆಯ ಕ್ಯಾನ್ಸರ್) ಎಂದು ಬಂದಿದೆ, ಅದಕ್ಕೆ ಎಲೆಯಡಿಕೆ ಕಾರಣವೋ, ಬದಿಯಡ್ಕದ ಕಡೆ ಗೇರುತೋಟಗಳಿಗೆ ಸಿಂಪಡಿಸಿದ ಎಂಡೋಸಲ್ಫಾನ್ ಕೀಟನಾಶಕ ಕಾರಣವೋ ಎಂದು ಕೇಳಿದ್ದೀರಿ. ನಾನು ಕಾಸರಗೋಡು ಜಿಲ್ಲೆಯಲ್ಲೇ ದಂತವೈದ್ಯನಾಗಿರುವುದರಿಂದ ಈ ಎರಡೂ ಸಂಶಯಗಳನ್ನು ಆಗಾಗ ಕೇಳುತ್ತಿರುತ್ತೇನೆ.

ಅಡಿಕೆ, ಹೊಗೆಸೊಪ್ಪುಗಳಿಂದ ಬರುವುದು ಮುಖ್ಯವಾಗಿ ಬಾಯಿಯ ಒಳಪದರದ ಕ್ಯಾನ್ಸರ್. ನಿಮ್ಮ ತಾಯಿಯವರಿಗೆ ಬಂದಿರುವುದು ಆ ಪದರದ ಅಡಿಯಲ್ಲಿರುವ ಸಣ್ಣ ಲಾಲಾಗ್ರಂಥಿಗಳಲ್ಲಿ ಹುಟ್ಟುವಂಥದ್ದು; ಎಲೆಯಡಿಕೆಗೂ ಎಂಡೋಸಲ್ಫಾನಿಗೂ ಇದರೊಂದಿಗೆ ಸಂಬಂಧ ಸಾಬೀತಾಗಿಲ್ಲ. ಬಹಳಷ್ಟು ರೋಗಿಗಳ ಗಡ್ಡೆಯ ಜೀವಕೋಶಗಳಲ್ಲಿ 6 ಮತ್ತು 9ನೆಯ ವರ್ಣತಂತುಗಳ (ಜೀನ್‌ಗಳನ್ನು ಹೊತ್ತ ಎಳೆಗಳ, ಕ್ರೋಮೋಸೋಮುಗಳ) ತುಂಡುಗಳು ಸ್ಥಾನ ಬದಲಿಸಿ, ಎಂವೈಬಿ ಎಂಬ ಜೀನ್ ಅತಿಯಾಗಿ ಕೆಲಸ ಮಾಡುವುದು ಕಂಡುಬಂದಿದೆ. ಈ ಬದಲಾವಣೆ ಗಡ್ಡೆಯಲ್ಲಿ ಮಾತ್ರ ಇರುವುದರಿಂದ ಮಕ್ಕಳಿಗೆ ಬರುತ್ತದೆಂಬ ಭಯ ಬೇಡ. ಹಾಗೆಂದು ತಾಯಿಯವರು ಎಲೆಯಡಿಕೆ ಮುಂದುವರಿಸಬಹುದು ಎಂದು ಅರ್ಥವಲ್ಲ. ಮುಂದೆ ಕೊಡುವ ವಿಕಿರಣ ಚಿಕಿತ್ಸೆಯಿಂದ ಹುಣ್ಣಾಗುವ ಬಾಯಿಗೆ ಸುಣ್ಣ, ಹೊಗೆಸೊಪ್ಪು ತಾಗಿದರೆ ಉರಿ ತಡೆಯಲಾಗದು.

ಈ ರೋಗ ನಿಧಾನವಾಗಿ ಬೆಳೆಯುತ್ತದೆ, ಆದರೆ ನರಗಳ ಗುಂಟ ಹರಿಯುವ ಸ್ವಭಾವದ್ದು. ಆದುದರಿಂದಲೇ ಕಣ್ಣಿಗೆ ಕಾಣುವ ಗಂಟಿಗಿಂತ ಎಷ್ಟೋ ಆಚೆಗೆ ಅದು ತಲುಪಿರಬಹುದು, ಶಸ್ತ್ರಚಿಕಿತ್ಸೆಗೆ ಮೊದಲು ಎಂಆರ್‌ಐ ಮಾಡಿ ನರಗಳ ಜಾಡನ್ನು ತಲೆಬುರುಡೆಯ ಬುಡದವರೆಗೂ ನೋಡಬೇಕಾಗುತ್ತದೆ, ಶ್ವಾಸಕೋಶಕ್ಕೆ ಹರಡಿದೆಯೇ ಎಂದು ತಿಳಿಯಲು ಎದೆಯ ಸಿಟಿ ಸ್ಕ್ಯಾನ್ ಕೂಡ ಬೇಕು. ಸುತ್ತಲಿನ ಆರೋಗ್ಯವಂತ ಅಂಚನ್ನೂ ಸೇರಿಸಿ ಗಡ್ಡೆಯನ್ನು ತೆಗೆಯುವುದು, ಆ ಮೇಲೆ ಸಾಮಾನ್ಯವಾಗಿ ವಿಕಿರಣ ಚಿಕಿತ್ಸೆ ಕೊಡುವುದು ಇದರ ಮುಖ್ಯ ದಾರಿ. ಕೀಮೋಥೆರಪಿಗೆ ಇದು ಅಷ್ಟಾಗಿ ಬಗ್ಗುವುದಿಲ್ಲ. ಹರಡಿದ ರೋಗದಲ್ಲಿ ಲೆನ್ವಾಟಿನಿಬ್‌ನಂಥ ಗುಳಿಗೆಗಳಿಂದ ಕೆಲವರಲ್ಲಿ ಬೆಳವಣಿಗೆ ತಡೆಯಲ್ಪಟ್ಟಿದೆ.

ನನ್ನ ವೃತ್ತಿಗೆ ಸೇರಿದ, ಅವಸರದಲ್ಲಿ ಮರೆತುಹೋಗುವ ಎರಡು ಸಂಗತಿಗಳಿವೆ. ಹುಳುಕಾದ, ಅಲುಗಾಡುವ ಹಲ್ಲುಗಳನ್ನು ವಿಕಿರಣ ಶುರುವಾಗುವ ಮೊದಲೇ ಕೀಳಿಸಿ, ಗಾಯ ಮಾಯಲು ಸಮಯ ಕೊಡಬೇಕು. ನಂತರ ಕಿತ್ತರೆ ದವಡೆಯ ಮೂಳೆ ಕೊಳೆಯುವ ಅಪಾಯ ಉಂಟು. ಅಂಗುಳಿನ ಭಾಗ ತೆಗೆದರೆ ಬಾಯಿಗೂ ಮೂಗಿಗೂ ನಡುವೆ ತೂತು ಉಳಿದು, ಕುಡಿದ ಗಂಜಿನೀರು ಮೂಗಿನಿಂದ ಬರುತ್ತದೆ, ಮಾತು ಗೊಣಗೊಣ ಎನ್ನುತ್ತದೆ. ಅದನ್ನು ಮುಚ್ಚಲು ಹಲ್ಲಿನ ಸೆಟ್ಟಿನಂಥ ಆಬ್ಟ್ಯುರೇಟರ್ ಮಾಡಿಸಬಹುದು. ಅದರ ಅಳತೆಯನ್ನು ಆಪರೇಷನ್ನಿಗೆ ಮುಂಚೆಯೇ ತೆಗೆದಿಟ್ಟರೆ ಒಳ್ಳೆಯದು.

ಐದು ವರ್ಷ ದಾಟಿದರೆ ಗುಣವಾಯಿತು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಹತ್ತು, ಹದಿನೈದು ವರ್ಷಗಳ ಮೇಲೂ ಶ್ವಾಸಕೋಶದಲ್ಲಿ ಕಾಣಿಸಿಕೊಳ್ಳುವುದುಂಟು, ಹಾಗೆ ಕಂಡ ಮೇಲೂ ಕೆಲವರು ವರ್ಷಗಟ್ಟಲೆ ಓಡಾಡಿಕೊಂಡಿರುತ್ತಾರೆ. ಮಂಗಳೂರೋ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರೋ, ಎಲ್ಲಿಗೆ ಹೋದರೂ ಬಯಾಪ್ಸಿಯ ಗಾಜಿನ ಸ್ಲೈಡುಗಳನ್ನು ಕೇಳಿ ಪಡೆದು ಒಯ್ಯಿರಿ, ಗಡ್ಡೆಯಲ್ಲಿ ‘ಸಾಲಿಡ್’ ಭಾಗ, ಅಂದರೆ ಜೀವಕೋಶಗಳು ನಡುವೆ ಪೊಳ್ಳಿಲ್ಲದೆ ಒತ್ತಾಗಿ ತುಂಬಿರುವ ಭಾಗ, ಎಷ್ಟಿದೆ ಎಂದು ವಿಚಾರಿಸಿರಿ. ಅದು ಹೆಚ್ಚಿದ್ದಷ್ಟೂ ರೋಗದ ವೇಗ ಹೆಚ್ಚು.