ಕಾರಿನ ಗಾಜಿಗೆ ಟಿಂಟ್ ಹಾಕುವ ಕೆಲಸವನ್ನೇ ವೃತ್ತಿ ಮಾಡಿಕೊಳ್ಳಬಹುದಾ? ಕಲಿಯೋದು ಎಷ್ಟು ಕಷ್ಟ?

ಕಾರು ಅಂದರೆ ಇಷ್ಟ, ಕೈ ಚುರುಕಾಗಿದೆ, ವಿಡಿಯೋದಲ್ಲಿ ನೋಡಿದರೆ ಅರ್ಧ ಗಂಟೆಯ ಕೆಲಸ ಅನ್ನಿಸುತ್ತದೆ, ಈಗಿನ ಉದ್ಯೋಗ ಬಿಟ್ಟು ಇದಕ್ಕೆ ಬರಬಹುದಾ, ಮೈ ನೋವು ಬರುತ್ತದಾ ಅಂತ ಕೇಳಿದ್ದೀರಿ. ಟಿಂಟ್ ಅಂದರೆ ಬಿಸಿಲು, ಬೆಳಕು ತಡೆಯಲು ಗಾಜಿನ ಒಳಮೈಗೆ ತೆಳ್ಳಗಿನ ಫಿಲ್ಮ್ ಅಂಟಿಸುವುದು. ನಾನು ಹನ್ನೊಂದು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಬರಬಹುದು, ಖಂಡಿತ. ಆದರೆ ಕೈಚುರುಕಿನ ಮಾತು ಆಮೇಲೆ. ಮೊದಲು ಇದನ್ನು ಯೋಚಿಸಿ: ಒಂದು ಗಂಟೆ ಬಗ್ಗಿ ಕೂತು ಅಂಟಿಸಿದ ಫಿಲ್ಮನ್ನು, ಒಂದೇ ಒಂದು ಧೂಳಿನ ಕಣ ಕಂಡಿತು ಅಂತ, ನಿಮ್ಮ ಕೈಯಿಂದಲೇ ಕಿತ್ತು ಹಾಕಲು ನಿಮಗೆ ಮನಸ್ಸು ಬರುತ್ತದಾ?

ಯಾಕೆ ಹೀಗೆ ಕೇಳುತ್ತಿದ್ದೇನೆ ಅಂದರೆ, ಈ ಕೆಲಸದ ಮುಕ್ಕಾಲು ಭಾಗ ತೊಳೆಯುವುದೇ. ಫಿಲ್ಮ್ ಅಂದರೆ ಪಾಲಿಯೆಸ್ಟರ್ ಹಾಳೆ. ದಪ್ಪ ಹೆಚ್ಚು ಕಡಿಮೆ ತಲೆಕೂದಲಿನಷ್ಟು. ಒಂದು ಕಡೆ ಅಂಟು, ಆ ಅಂಟಿನ ಮೇಲೆ ತೆಗೆದು ಬಿಸಾಡುವ ಒಂದು ಪಾರದರ್ಶಕ ಪದರ. ಇನ್ನೊಂದು ಕಡೆ ಗೀರು ಬೀಳದಂತೆ ತಡೆಯುವ ಲೇಪ. ಇಷ್ಟು ತೆಳ್ಳಗಿನ ಹಾಳೆ ಮತ್ತು ಗಾಜಿನ ನಡುವೆ ಸಾಸಿವೆಗಿಂತ ಚಿಕ್ಕ ಕಣ ಸಿಕ್ಕಿಕೊಂಡರೂ ಸಾಕು, ಅದು ಸುತ್ತಲಿನ ಫಿಲ್ಮನ್ನು ಎತ್ತಿ ಡೇರೆ ಹಾಕಿಬಿಡುತ್ತದೆ. ಕಣ ಕಾಣದಿದ್ದರೂ ಡೇರೆ ಕಾಣುತ್ತದೆ. ಕಾರಿನ ಮಾಲೀಕರು ದಿನಾ ಅದನ್ನೇ ನೋಡಿಕೊಂಡು ಓಡಿಸಬೇಕು. ಇಡೀ ಗಾಜು ಚೆನ್ನಾಗಿದ್ದರೂ ಕಣ್ಣು ಅಲ್ಲಿಗೇ ಹೋಗುತ್ತದೆ.

ಧೂಳು ಗಾಜಿನ ಮೇಲೆ ಮಾತ್ರ ಇರುತ್ತದೆ ಅಂದುಕೊಳ್ಳಬೇಡಿ. ಬಾಗಿಲಿನ ರಬ್ಬರ್ ಬೀಡಿಂಗ್ ಒಳಗೆ ವರ್ಷಗಳ ಮಣ್ಣು ಕೂತಿರುತ್ತದೆ. ನೀರು ಚಿಮುಕಿಸಿದ ತಕ್ಷಣ ಅದು ಮೇಲೆ ತೇಲಿ ಬರುತ್ತದೆ. ಅಂಟಿನ ಮೇಲಿನ ಪದರ ಬಿಡಿಸುವಾಗ ಸ್ಥಿರ ವಿದ್ಯುತ್ ಹುಟ್ಟುತ್ತದೆ, ಗಾಳಿಯಲ್ಲಿದ್ದ ಧೂಳನ್ನೆಲ್ಲ ಫಿಲ್ಮ್ ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಅದಕ್ಕೇ ನಾವು ಫ್ಯಾನ್ ಆರಿಸುತ್ತೇವೆ, ನೆಲ ಒದ್ದೆ ಮಾಡುತ್ತೇವೆ, ಪದರ ಬಿಡಿಸುತ್ತಲೇ ಸೋಪು ನೀರು ಸಿಂಪಡಿಸುತ್ತಾ ಹೋಗುತ್ತೇವೆ.

ನಾನು ಕಲಿಯುತ್ತಿದ್ದಾಗಿನ ಒಂದು ದಿನ ಹೇಳುತ್ತೇನೆ. ಒಂದೇ ಡೋರ್ ಗಾಜಿಗೆ ನಾಲ್ಕು ಸಲ ಫಿಲ್ಮ್ ಹಾಕಿದೆ, ನಾಲ್ಕು ಸಲವೂ ಒಳಗೆ ಸಣ್ಣ ಎಳೆ. ಗಾಜು ಮತ್ತೆ ಮತ್ತೆ ತೊಳೆದೆ, ಬ್ಲೇಡಿನಿಂದ ಕೆರೆದೆ, ನೀರು ಬದಲಿಸಿದೆ. ಐದನೇ ಸಲಕ್ಕೆ ಫಿಲ್ಮ್ ಕತ್ತರಿಸುವಾಗ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ನನಗೆ ಕಲಿಸುತ್ತಿದ್ದವರು ಬಂದು, ಕಿತ್ತು ಹಾಕಿದ್ದ ತುಂಡನ್ನು ಬೆಳಕಿಗೆ ಹಿಡಿದು, 'ಎಳೆಯ ಬಣ್ಣ ನೋಡಪ್ಪ' ಅಂದರು. ಕೆಂಪು. ನಾನು ಹಾಕಿಕೊಂಡಿದ್ದ ಹೊಸ ಹತ್ತಿ ಟೀ ಶರ್ಟೂ ಕೆಂಪು. ಅವರು ಬೈಯಲಿಲ್ಲ, ತಮ್ಮ ಹಳೆಯ ಅಂಗಿಯೊಂದನ್ನು ಕೊಟ್ಟರು. ಅವತ್ತಿನಿಂದ ನಾನು ಎಳೆ ಉದುರುವ ಬಟ್ಟೆ ಹಾಕಿಕೊಂಡು ಕೆಲಸಕ್ಕೆ ಹೋಗಿಲ್ಲ, ಹತ್ತಿ ಟವೆಲಿನಿಂದ ಗಾಜು ಒರೆಸಿಲ್ಲ. ಗಾಜಿನ ನೀರು ತೆಗೆಯಲು ಸ್ಕ್ವೀಜಿ (ಹಿಡಿಗೆ ರಬ್ಬರ್ ಪಟ್ಟಿ ಕೂಡಿಸಿದ ಸಾಧನ) ಮಾತ್ರ. ಟವೆಲ್ ಏನಿದ್ದರೂ ಡೋರಿನ ಸ್ವಿಚ್ಚು, ಸ್ಪೀಕರ್ ಮುಚ್ಚಲು. ಅದನ್ನು ಮರೆಯಬೇಡಿ, ಪವರ್ ವಿಂಡೋ ಸ್ವಿಚ್ಚಿಗೆ ನೀರು ಇಳಿದರೆ ಟಿಂಟ್ ಎಷ್ಟೇ ಚೆನ್ನಾಗಿ ಬಂದರೂ ಪ್ರಯೋಜನವಿಲ್ಲ.

ಪಕ್ಕದ ಗಾಜುಗಳು ಕೆಲವು ತಿಂಗಳಲ್ಲಿ ಕೈಗೆ ಬರುತ್ತವೆ. ಹೊರಗಡೆಯಿಂದ ಗಾಜಿನ ಮೇಲೆ ಫಿಲ್ಮ್ ಇಟ್ಟು ಅಳತೆಗೆ ಕತ್ತರಿಸಬೇಕು, ಒಳಗೆ ಒಯ್ದು ಕೂರಿಸಬೇಕು, ನೀರು ಹೊರಗೆ ತಳ್ಳಬೇಕು. ಮೇಲಿನ ಅಂಚಿನಲ್ಲಿ ಒಂದೆರಡು ಮಿಲಿಮೀಟರ್ ಜಾಗ ಬಿಡುತ್ತೇವೆ, ಇಲ್ಲದಿದ್ದರೆ ಗಾಜು ಏರಿ ಇಳಿಯುವಾಗ ಅಂಚು ಸುಲಿದು ಬರುತ್ತದೆ. ಬ್ಲೇಡಿನ ತುದಿಯನ್ನು ಆಗಾಗ ಮುರಿದು ಹೊಸ ತುದಿ ತೆಗೆಯಿರಿ. ಮೊಂಡು ಬ್ಲೇಡಿಗೆ ಒತ್ತಡ ಜಾಸ್ತಿ ಬೇಕು, ಒತ್ತಿದರೆ ಗಾಜಿನ ಮೇಲೆಯೇ ಗೆರೆ ಬೀಳುತ್ತದೆ. ಆ ಗೆರೆ ಹೋಗುವುದಿಲ್ಲ.

ನಿಜವಾದ ಕೆಲಸ ಇರುವುದು ಹಿಂದಿನ ಗಾಜಿನಲ್ಲಿ. ನನಗೆ ಈ ವೃತ್ತಿ ಇಷ್ಟವಾಗಿದ್ದೇ ಅದರಿಂದ. ಆ ಗಾಜು ಎರಡೂ ದಿಕ್ಕಿಗೆ ಬಾಗಿರುತ್ತದೆ, ಫಿಲ್ಮ್ ಮಾತ್ರ ಚಪ್ಪಟೆ. ಚೆಂಡಿಗೆ ಕಾಗದ ಸುತ್ತಿ ನೋಡಿ, ನಿರಿಗೆ ಬೀಳುತ್ತದೆ ಅಲ್ವಾ? ಇಲ್ಲೂ ಹಾಗೆಯೇ. ಗಾಜಿನ ಹೊರಗೆ ಫಿಲ್ಮನ್ನು ಹರಡಿ, ನಡುವೆ ಒಂದು ಅಡ್ಡ ಸಾಲನ್ನು ಕೂರಿಸಿ, ಬಂದ ನಿರಿಗೆಗಳನ್ನೆಲ್ಲ ಮೇಲಕ್ಕೂ ಕೆಳಕ್ಕೂ ಸಾಲಾಗಿ ನಿಲ್ಲಿಸುತ್ತೇವೆ. ಆಮೇಲೆ ಬಿಸಿ ಗಾಳಿ ಊದುವ ಹೀಟ್ ಗನ್ ಹಿಡಿದು ಒಂದೊಂದೇ ನಿರಿಗೆಯನ್ನು ಕಾಯಿಸಿ ಕುಗ್ಗಿಸಬೇಕು. ಫಿಲ್ಮ್ ಮುಖ್ಯವಾಗಿ ಒಂದೇ ದಿಕ್ಕಿಗೆ, ಅಂದರೆ ರೋಲ್ ಬಿಚ್ಚಿಕೊಳ್ಳುವ ದಿಕ್ಕಿಗೆ, ಚೆನ್ನಾಗಿ ಕುಗ್ಗುತ್ತದೆ. ಹಾಳೆಯನ್ನು ತಿರುಗಿಸಿ ಇಟ್ಟಿದ್ದರೆ ಎಷ್ಟು ಕಾಯಿಸಿದರೂ ನಿರಿಗೆ ಹೋಗುವುದಿಲ್ಲ, ಮಡಿಕೆ ಬಿದ್ದು ಹಾಳಾಗುತ್ತದೆ. ಸರಿಯಾಗಿ ಇಟ್ಟಿದ್ದರೆ, ಬಿಸಿ ತಾಗಿದ ಕ್ಷಣ ನಿರಿಗೆ ನಡುಗಿ, ಕಿರಿದಾಗಿ, ಗಾಜಿನ ಮೈಗೆ ಒರಗಿಕೊಳ್ಳುತ್ತದೆ. ಆಗ ಗಟ್ಟಿ ಪ್ಲಾಸ್ಟಿಕ್ ಕಾರ್ಡಿನಿಂದ ಒಮ್ಮೆ ಸವರಬೇಕು, ಅಷ್ಟೇ. ಹೀಗೆ ಆಕಾರ ಬಂದ ಹಾಳೆಯನ್ನೇ ಆಮೇಲೆ ಒಳಗೆ ಒಯ್ದು ಅಂಟಿಸುತ್ತೇವೆ. ಸಾವಿರ ಸಲ ನೋಡಿದ್ದೇನೆ, ಇವತ್ತಿಗೂ ನನಗೆ ಅದನ್ನು ನೋಡುವುದು ಖುಷಿ.

ಆದರೆ ಎಚ್ಚರ. ಹಿಂದಿನ ಗಾಜು ಸಾಮಾನ್ಯವಾಗಿ ಟೆಂಪರ್ಡ್ ಗಾಜು, ಅಂದರೆ ಕಾಯಿಸಿ ತಟ್ಟನೆ ತಣಿಸಿ ಗಟ್ಟಿ ಮಾಡಿದ್ದು. ಒಂದೇ ಜಾಗದಲ್ಲಿ ಗನ್ ನಿಲ್ಲಿಸಿದರೆ ಇಡೀ ಗಾಜು ಸಣ್ಣ ಹರಳುಗಳಾಗಿ ಉದುರಬಹುದು. ನನ್ನ ಮೂರನೇ ವರ್ಷದಲ್ಲಿ ಹಾಗೆ ಒಂದು ಗಾಜು ಹೋಯಿತು. ಯಾರೋ ಕರೆದರು ಅಂತ ತಲೆ ತಿರುಗಿಸಿದ್ದೆ, ಕೈ ನಿಂತುಬಿಟ್ಟಿತ್ತು. ಹೊಸ ಗಾಜನ್ನು ನಾನೇ ಹಾಕಿಸಿಕೊಟ್ಟೆ. ಗನ್ ಕೈಯಲ್ಲಿದ್ದಾಗ ಈಗ ಯಾರು ಕೂಗಿದರೂ ತಿರುಗುವುದಿಲ್ಲ.

ಹಳೆಯ ಫಿಲ್ಮ್ ತೆಗೆಯುವುದೂ ನಿಮ್ಮ ಪಾಲಿಗೇ ಬರುತ್ತದೆ. ಹಿಂದಿನ ಗಾಜಿನಲ್ಲಿ ಡೀಫಾಗರ್ ಗೆರೆಗಳಿರುತ್ತವೆ, ಅವು ಬಿಸಿಯಾಗಿ ಮಂಜು ಕರಗಿಸಲು ಗಾಜಿನ ಒಳಮೈಗೆ ಅಂಟಿಸಿದ, ವಿದ್ಯುತ್ ಹರಿಯುವ ಗೆರೆಗಳು. ಅಲ್ಲಿ ಬ್ಲೇಡ್ ಆಡಿಸಿದರೆ ಗೆರೆ ತುಂಡಾಗುತ್ತದೆ, ಮಂಜು ಕರಗುವುದು ನಿಲ್ಲುತ್ತದೆ. ಸ್ಟೀಮರಿನಿಂದ ಅಂಟನ್ನು ಮೆತ್ತಗೆ ಮಾಡಿ, ಒಂದೇ ಹಾಳೆಯಾಗಿ ನಿಧಾನಕ್ಕೆ ಎಳೆಯಬೇಕು. ಅವಸರ ಮಾಡಿದರೆ ಹಾಳೆ ಬಂದು ಅಂಟು ಗಾಜಲ್ಲೇ ಉಳಿಯುತ್ತದೆ, ಆಮೇಲೆ ಅರ್ಧ ದಿನ ಅದನ್ನು ಉಜ್ಜುತ್ತಾ ಕೂರಬೇಕು.

ಗಿರಾಕಿಗಳ ಜೊತೆ ಮಾತಾಡುವುದನ್ನೂ ಕಲಿಯಬೇಕಾಗುತ್ತದೆ. ಹೆಚ್ಚಿನವರು ಕಪ್ಪಾಗಿದ್ದಷ್ಟೂ ತಂಪು ಅಂದುಕೊಂಡು ಬರುತ್ತಾರೆ. ಬಿಸಿಲಿನ ಶಕ್ತಿಯಲ್ಲಿ ಸುಮಾರು ಅರ್ಧದಷ್ಟು ಕಣ್ಣಿಗೆ ಕಾಣದ ಇನ್‌ಫ್ರಾರೆಡ್. ಬರೀ ಬಣ್ಣ ಹಾಕಿದ ಅಗ್ಗದ ಫಿಲ್ಮ್ ಬೆಳಕನ್ನು ತಡೆಯುತ್ತದೆ, ಶಾಖವನ್ನು ಅಷ್ಟಾಗಿ ತಡೆಯುವುದಿಲ್ಲ, ಕೆಲವು ವರ್ಷಕ್ಕೆ ನೇರಳೆ ಬಣ್ಣಕ್ಕೂ ತಿರುಗುತ್ತದೆ. ಲೋಹದ ಪದರ ಇರುವ ಫಿಲ್ಮ್ ಶಾಖ ತಡೆಯುತ್ತದೆ, ಆದರೆ ಮೊಬೈಲ್, ಜಿಪಿಎಸ್ ಸಿಗ್ನಲಿಗೆ ಅಡ್ಡಿ ಮಾಡಬಹುದು. ಲೋಹದ ಬದಲು ಸೆರಾಮಿಕ್ ಕಣಗಳಿರುವ ಸೆರಾಮಿಕ್ ಫಿಲ್ಮಿನಲ್ಲಿ ಆ ತೊಂದರೆ ಇಲ್ಲ, ತಿಳಿಯಾಗಿ ಕಂಡರೂ ಶಾಖ ಚೆನ್ನಾಗಿ ತಡೆಯುತ್ತದೆ. ಡಬ್ಬಿಯ ಮೇಲೆ ಇನ್‌ಫ್ರಾರೆಡ್ ಎಷ್ಟು ತಡೆಯುತ್ತದೆ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಅದಕ್ಕಿಂತ ಒಟ್ಟು ಸೌರಶಕ್ತಿಯನ್ನು ಎಷ್ಟು ತಡೆಯುತ್ತದೆ ಅನ್ನುವ ಅಂಕಿ ನೋಡಿ, ಗಿರಾಕಿಗೂ ಅದನ್ನೇ ತೋರಿಸಿ.

ಇನ್ನೊಂದು ಲೆಕ್ಕ ಇದೆ. ಫಿಲ್ಮಿನ ಮೇಲೆ 35 ಅಂತ ಇದ್ದರೆ ಅದು 35% ಬೆಳಕು ಬಿಡುತ್ತದೆ ಅಂತ ಅರ್ಥ. ಆದರೆ ಕಾರಿನ ಗಾಜು ತಾನೇ ಸ್ವಲ್ಪ ಬೆಳಕು ತಡೆದಿರುತ್ತದೆ. ಗಾಜು 75% ಬಿಡುವುದಾದರೆ ಎರಡೂ ಸೇರಿ ಬಿಡುವುದು ಸುಮಾರು 26% ಮಾತ್ರ. ಕೂಡಿ ಕಳೆಯುವ ಲೆಕ್ಕ ಅಲ್ಲ, ಗುಣಿಸುವ ಲೆಕ್ಕ. ತಪಾಸಣೆಯಲ್ಲಿ ಅಳೆಯುವುದು ಈ ಒಟ್ಟು ಬೆಳಕನ್ನೇ. ಯಾವ ಗಾಜಿಗೆ ಎಷ್ಟು ಅನ್ನುವ ಕಾನೂನು ಒಂದೊಂದು ಕಡೆ ಒಂದೊಂದು ಥರ ಇದೆ. ನೀವಿರುವ ಕಡೆಯ ನಿಯಮವನ್ನು ಮೊದಲು ಓದಿಕೊಳ್ಳಿ, ಬೆಳಕು ಅಳೆಯುವ ಒಂದು ಮೀಟರ್ ಇಟ್ಟುಕೊಳ್ಳಿ. ನಿಯಮಕ್ಕಿಂತ ಕಪ್ಪು ಬೇಕು ಅಂದವರನ್ನು ನಾನು ವಾಪಸ್ ಕಳಿಸುತ್ತೇನೆ. ರಾತ್ರಿ ಮಳೆಯಲ್ಲಿ ಪಕ್ಕದ ಗಾಜಿನಿಂದ ರಸ್ತೆ ದಾಟುವ ಮಗು ಕಾಣದೆ ಹೋದರೆ? ಅದು ನನ್ನ ಕೈಯ ಕೆಲಸ ಆಗಿರಬಾರದು.

ಕಾರು ಕೊಡುವಾಗ ಎರಡು ಮಾತು ಹೇಳಲೇಬೇಕು. ಮೂರು ನಾಲ್ಕು ದಿನ ಗಾಜು ಇಳಿಸಬೇಡಿ, ಅಮೋನಿಯಾ ಇರುವ ಕ್ಲೀನರ್ ಬಳಸಬೇಡಿ. ಒಳಗೆ ಉಳಿದ ನೀರು ಸಣ್ಣ ಗುಳ್ಳೆಯಾಗಿ, ಮಸುಕಾಗಿ ಕಾಣುತ್ತದೆ. ಒಣಗಲು ಕೆಲವು ದಿನ ಬೇಕು, ಚಳಿಯಿದ್ದರೆ ಕೆಲವು ವಾರ. ಇದನ್ನು ಮೊದಲೇ ಹೇಳದಿದ್ದರೆ ಮಾರನೇ ದಿನ ಫೋನ್ ಬರುತ್ತದೆ. ನೀರಿನ ಗುಳ್ಳೆ ಹೋಗುತ್ತದೆ, ಧೂಳಿನ ಗುಳ್ಳೆ ಹೋಗುವುದಿಲ್ಲ. ಧೂಳನ್ನು ತೋರಿಸಿ 'ಇದೂ ಒಣಗುತ್ತೆ ಬಿಡಿ' ಅಂತ ಸುಳ್ಳು ಹೇಳುವವರನ್ನು ನೋಡಿದ್ದೇನೆ. ದಯವಿಟ್ಟು ನೀವು ಹಾಗೆ ಮಾಡಬೇಡಿ.

ಮೈ ನೋವಿನ ಬಗ್ಗೆಯೂ ಕೇಳಿದ್ದೀರಿ. ಹೌದು, ಇದೆ. ಹಿಂದಿನ ಸೀಟಿನಲ್ಲಿ ಮೊಣಕಾಲೂರಿ, ಕತ್ತು ತಿರುಚಿ, ಕೈ ಪೂರ್ತಿ ಚಾಚಿ ಕೆಲಸ ಮಾಡಬೇಕು. ನನಗೆ ಬಲಗೈ ಮಣಿಕಟ್ಟು ಮತ್ತು ಕತ್ತು ಆಗಾಗ ಕಾಡುತ್ತದೆ. ಎರಡೂ ಕೈಯಲ್ಲಿ ಸ್ಕ್ವೀಜಿ ಎಳೆಯುವುದನ್ನು ಶುರುವಿನಲ್ಲೇ ಅಭ್ಯಾಸ ಮಾಡಿ. ನಾನು ತಡವಾಗಿ ಕಲಿತೆ.

ಈಗಿನ ಕೆಲಸ ಇವತ್ತೇ ಬಿಡಬೇಡಿ. ರಜೆಯ ದಿನಗಳಲ್ಲಿ ಒಬ್ಬ ಒಳ್ಳೆಯ ಕೆಲಸಗಾರರ ಬಳಿ ಹೋಗಿ, ಬರೀ ಗಾಜು ತೊಳೆದುಕೊಡುತ್ತೇನೆ ಅನ್ನಿ. ಕಂಪ್ಯೂಟರಿನಲ್ಲಿ ಅಳತೆ ಹಾಕಿ ಕತ್ತರಿಸಿಕೊಡುವ ಪ್ಲಾಟರ್ ಯಂತ್ರ ಅವರಲ್ಲಿದ್ದರೂ, ಕೈಯಲ್ಲಿ ಕತ್ತರಿಸುವುದನ್ನು ಕೇಳಿ ಕಲಿಯಿರಿ. ನನ್ನ ಅನುಭವದಲ್ಲಿ ಹಿಂದಿನ ಗಾಜನ್ನು ಒಬ್ಬರೇ ಧೈರ್ಯವಾಗಿ ಮುಗಿಸಲು ಒಂದು ವರ್ಷವಾದರೂ ಬೇಕು. ಮನೆಯಲ್ಲಿ ಅಭ್ಯಾಸಕ್ಕೆ ಗುಜರಿಯಿಂದ ಹಳೆಯ ಕಾರಿನ ಡೋರ್ ಗಾಜೊಂದನ್ನು ತನ್ನಿ, ರೋಲಿನ ಕೊನೆಯಲ್ಲಿ ಉಳಿದ ಫಿಲ್ಮ್ ತುಂಡುಗಳನ್ನು ಕೇಳಿ ಪಡೆಯಿರಿ, ನೀರಿಗೆ ನಾಲ್ಕು ಹನಿ ಬೇಬಿ ಶಾಂಪೂ ಹಾಕಿ. ಮೊದಲ ಸಲ ಅಂಟಿಸಿದ ಮೇಲೆ ಬೆಳಕಿಗೆ ಹಿಡಿದು ನೋಡಿ. ಒಳಗೆ ಎಳೆ ಕಂಡರೆ ಅದರ ಬಣ್ಣ ಯಾವುದು ಅಂತ ಇಲ್ಲೇ ಕೆಳಗೆ ಬರೆಯಿರಿ, ಎಲ್ಲಿಂದ ಬಂತು ಅಂತ ಸೇರಿ ಹುಡುಕೋಣ.