ಗಿಡ್ಡ ಕೂದಲಿನ ನಾಯಿ ತಂದರೂ ಇಡ್ಲಿ ಹಿಟ್ಟಿನಲ್ಲಿ ಕೂದಲು!

ಈ ಸಲದ ಪತ್ರಗಳ ಕಟ್ಟು ಬಿಚ್ಚಿದರೆ ಬರೀ ಕೂದಲಿನ ಗೋಳು. ಒಂದು ಕವರಿನಲ್ಲಂತೂ ಗಮ್‌ಟೇಪಿಗೆ ಅಂಟಿಸಿದ ಬಿಳಿ ಎಳೆಗಳೇ ಇದ್ದವು, ಸಾಕ್ಷಿಗೆ! ಹಾಗಾಗಿ ಲಸಿಕೆ, ಊಟದ ಬಗ್ಗೆ ಕೇಳಿದವರು ಮುಂದಿನ ಸಂಚಿಕೆವರೆಗೆ ತಡೆದುಕೊಳ್ಳಿ.

ಡಾಕ್ಟ್ರೇ, ಮನೆಯೆಲ್ಲ ಕೂದಲಾಗುತ್ತೆ ಅಂತ ಅತ್ತೆಯವರು ಹೇಳಿದ್ದಕ್ಕೆ ಗಿಡ್ಡ ಕೂದಲಿನ ಲ್ಯಾಬ್ರಡಾರ್ ತಂದೆವು. ಈಗ ಸೋಫಾದಲ್ಲಿ, ದೇವರ ಮನೆಯಲ್ಲಿ, ಮೊನ್ನೆ ಇಡ್ಲಿ ಹಿಟ್ಟಿನಲ್ಲೂ ಕೂದಲು. ಪಕ್ಕದ ಮನೆಯ ಶಿಟ್ಜುಗೆ ಮೈತುಂಬ ಕೂದಲು, ಒಂದೂ ಉದುರಲ್ಲ. ನಮ್ಮ ನಾಯಿಗೆ ಕಾಯಿಲೆಯಾ?
– ಗೃಹಿಣಿ, ಮೈಸೂರು

ಕಾಯಿಲೆ ಇರಲಿಕ್ಕಿಲ್ಲ. ಲ್ಯಾಬ್ ಇರುವುದೇ ಹಾಗೆ. ಅತ್ತೆಯವರ ಲೆಕ್ಕ ತಪ್ಪಿದೆ ಅಷ್ಟೇ, ಅವರನ್ನು ಬೈಯಬೇಡಿ, ನನ್ನ ಕ್ಲಿನಿಕ್ಕಿಗೆ ಬರುವ ಬಹಳ ಜನ ಇದೇ ಲೆಕ್ಕ ಹಾಕಿ ಬಂದವರು. ಕೂದಲು ಎಷ್ಟು ಉದ್ದ ಅನ್ನುವುದಕ್ಕೂ ಎಷ್ಟು ಉದುರುತ್ತೆ ಅನ್ನುವುದಕ್ಕೂ ಸಂಬಂಧ ಕಡಿಮೆ. ನೋಡಬೇಕಾದ್ದು ಎರಡು. ಒಳಗೂದಲು ಎಷ್ಟು ದಟ್ಟವಾಗಿದೆ? ಒಂದೊಂದು ಎಳೆ ಎಷ್ಟು ಕಾಲ ಬೆಳೆಯುತ್ತೆ?

ಇವತ್ತು ನಿಮ್ಮ ಲ್ಯಾಬ್ ಮಲಗಿದ್ದಾಗ ಬೆನ್ನಿನ ಮೇಲೆ ಬೈತಲೆ ತೆಗೆದ ಹಾಗೆ ಎರಡು ಹೆಬ್ಬೆರಳಿನಿಂದ ಕೂದಲು ಬಿಡಿಸಿ ನೋಡಿ. ಮೇಲೆ ಒರಟು, ನೆಟ್ಟಗಿನ ಕೂದಲು. ಬುಡದಲ್ಲಿ ಹತ್ತಿಯಂಥ ಮೆತ್ತನೆ ತುಪ್ಪಳ. ಈ ನಾಯಿಯ ಪೂರ್ವಿಕರು ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ ಮೀನುಗಾರರ ಜೊತೆ ಕೊರೆಯುವ ನೀರಿಗೆ ಇಳಿಯುತ್ತಿದ್ದವರು. ಅವರಿಗೆ ಅದು ಸ್ವೆಟರ್ ಇದ್ದಂತೆ. ಮೈಸೂರಿನಲ್ಲಿ ಸ್ವೆಟರಿಗೆ ಅಂಥ ಕೆಲಸವಿಲ್ಲ, ಆದರೂ ಅದು ಹುಟ್ಟುತ್ತೆ, ಉದುರುತ್ತೆ.

ಪ್ರತಿ ಎಳೆಯೂ ಸ್ವಲ್ಪ ಕಾಲ ಬೆಳೆದು, ಸುಮ್ನೆ ನಿಂತು, ಆಮೇಲೆ ಬೀಳುತ್ತೆ. ಲ್ಯಾಬ್‌ನಲ್ಲಿ ಬೆಳೆಯುವ ಕಾಲ ಕಡಿಮೆ, ಆದ್ದರಿಂದ ಒಂದು ಉದ್ದಕ್ಕೆ ಬಂದು ನಿಂತುಬಿಡುತ್ತೆ. ಶಿಟ್ಜು, ಪೂಡಲ್‌ಗಳಲ್ಲಿ ನಮ್ಮ ತಲೆಗೂದಲಿನ ಹಾಗೆ ಬಹಳ ಕಾಲ ಬೆಳೆಯುತ್ತಲೇ ಇರುತ್ತೆ. ಅದಕ್ಕೇ ಅವಕ್ಕೆ ಕ್ಷೌರ ಬೇಕು, ನಿಮ್ಮದಕ್ಕೆ ಬೇಡ. ಪಕ್ಕದ ಮನೆಯದಕ್ಕೂ ಕೂದಲು ಬೀಳುತ್ತೆ, ಆದರೆ ಕಡಿಮೆ, ಬಿದ್ದದ್ದೂ ನೆಲಕ್ಕೆ ಬರದೆ ಉಳಿದ ಕೂದಲಿನಲ್ಲೇ ಸಿಕ್ಕಿಕೊಳ್ಳುತ್ತೆ.

ಚಳಿ ದೇಶಗಳಲ್ಲಿ ಹಗಲು ಉದ್ದವಾಗುವಾಗ, ಗಿಡ್ಡವಾಗುವಾಗ ವರ್ಷಕ್ಕೆ ಎರಡು ಸಲ ರಾಶಿ ರಾಶಿ ಉದುರುತ್ತೆ. ನಮ್ಮ ಕಡೆ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡದಕ್ಕೂ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ. ಅದರ ಮೇಲೆ ಮನೆಯೊಳಗೆ ರಾತ್ರಿ ಹನ್ನೊಂದರ ತನಕ ಟ್ಯೂಬ್‌ಲೈಟ್. ಹಾಗಾಗಿ ಇಲ್ಲಿ ವರ್ಷವಿಡೀ ಸ್ವಲ್ಪ ಸ್ವಲ್ಪ, ನಡುವೆ ಕೆಲವು ವಾರ ಜಾಸ್ತಿ.

ಪೂರ್ತಿ ನಿಲ್ಲಿಸುವ ಮಾತ್ರೆ ಇಲ್ಲ, ಯಾರಾದರೂ ಮಾರಿದರೆ ಕೊಳ್ಳಬೇಡಿ. ರಬ್ಬರ್ ಹಲ್ಲಿನ ಬ್ರಷ್ ತಗೊಂಡು ವಾರಕ್ಕೆ ಮೂರು ಸಲ, ಹತ್ತು ನಿಮಿಷ, ತಾರಸಿ ಮೇಲೆ ಉಜ್ಜಿ. ಸ್ನಾನದ ದಿನ ಮೈ ಅರ್ಧ ಒಣಗಿದಾಗ ಉಜ್ಜಿದರೆ ಇನ್ನೊಂದು ನಾಯಿ ಮಾಡುವಷ್ಟು ಕೂದಲು ಬರುತ್ತೆ. ಸ್ನಾನ ತಿಂಗಳಿಗೊಂದು ಸಾಕು, ಅದೂ ನಾಯಿಯದೇ ಶಾಂಪೂ. ನಮ್ಮ ಚರ್ಮಕ್ಕೆ ಹೊಂದುವ ಶಾಂಪೂ ಅದರ ಚರ್ಮವನ್ನು ಒಣಗಿಸುತ್ತೆ, ಆಮೇಲೆ ಹೊಟ್ಟು, ತುರಿಕೆ ಶುರು. ಸೀಗೆಪುಡಿಯೂ ಬೇಡ. ಒಂದು ಸಲ ಕಣ್ಣಿಗೆ ಬಿದ್ದರೆ ಮುಂದಿನ ಸಲ ಬಕೆಟ್ ಸದ್ದಿಗೇ ಮಂಚದಡಿ ಸೇರುತ್ತೆ.

ಹಿಟ್ಟಿನ ಪಾತ್ರೆಗೆ ಮುಚ್ಚಳ ಹಾಕಿ.

ಕೂದಲು ಉದುರಲ್ಲ ಅಂತಲೇ ಶಿಟ್ಜು ತಂದೆ. ದಿನಾ ಬ್ರಷ್ ಮಾಡುತ್ತೇನೆ. ಆದರೂ ಮೊನ್ನೆ ಗ್ರೂಮಿಂಗಿಗೆ ಬಿಟ್ಟರೆ ಜಡೆಗಟ್ಟಿದೆ ಅಂತ ಹೇಳಿ ಪೂರ್ತಿ ಬೋಳಿಸಿ ಕಳಿಸಿದರು. ಇದು ಮೋಸ ಅಲ್ವಾ?
– ವಿದ್ಯಾರ್ಥಿನಿ, ದಾವಣಗೆರೆ

ಬೋಳಿಸುವ ಮುಂಚೆ ಫೋನ್ ಮಾಡಿ ಕೇಳಬೇಕಿತ್ತು, ಅದು ಅವರ ತಪ್ಪು. ಆದರೆ ಜಡೆಗಟ್ಟಿದೆ ಅಂದದ್ದು ನಿಜವೇ ಇರಬಹುದು. ಉದುರದ ನಾಯಿ ತಂದವರಿಗೆ ಕೆಲಸ ತಪ್ಪಲ್ಲ, ಪೊರಕೆ ಬದಲು ಬಾಚಣಿಗೆ ಕೈಗೆ ಬರುತ್ತೆ. ಇದನ್ನು ಮಾರುವವರು ಹೇಳುವುದಿಲ್ಲ.

ನೀವು ದಿನಾ ಮಾಡಿದ್ದು ಮೇಲ್ಮೇಲಿನ ಬ್ರಷ್. ಮೇಲಿನ ಎರಡಂಗುಲ ರೇಷ್ಮೆಯ ಹಾಗೆ ಹೊಳೆಯುತ್ತಿರುತ್ತೆ, ಕೆಳಗೆ ಚರ್ಮಕ್ಕೆ ಅಂಟಿಕೊಂಡು ಕಂಬಳಿ ನೇಯ್ದಿರುತ್ತೆ. ಬೆರಳು ತೂರಿಸಿದರೆ ತೂರಲ್ಲ. ಕಿವಿಯ ಹಿಂದೆ, ಕಂಕುಳಲ್ಲಿ, ಪಟ್ಟಿ ಕಟ್ಟುವ ಜಾಗದಲ್ಲಿ, ತೊಡೆಸಂದಿಯಲ್ಲಿ ಮೊದಲು ಶುರುವಾಗುತ್ತೆ. ಅದರ ಅಡಿ ಗಾಳಿಯಾಡಲ್ಲ, ಮಳೆಗಾಲದಲ್ಲಿ ಚರ್ಮ ಕೊಳೆತು ವಾಸನೆ ಬರುತ್ತೆ. ನಾಯಿ ಹೆಜ್ಜೆ ಇಟ್ಟಾಗಲೆಲ್ಲ ಆ ಗಂಟು ಚರ್ಮವನ್ನು ಜಗ್ಗುತ್ತೆ. ಬಿಗಿಯಾಗಿ ಜಡೆ ಹಾಕಿಸಿಕೊಂಡು ಶಾಲೆಗೆ ಹೋದವರಿಗೆ ಆ ನೋವು ಗೊತ್ತಿರುತ್ತೆ.

ಕೂದಲು ಮತ್ತೆ ಬಂದಮೇಲೆ ಹೀಗೆ ಮಾಡಿ. ಎಡಗೈಯಿಂದ ಕೂದಲನ್ನು ಮೇಲಕ್ಕೆ ಎತ್ತಿ ಹಿಡಿದು, ಚರ್ಮ ಗೆರೆಯಾಗಿ ಕಾಣುವ ಹಾಗೆ ಮಾಡಿಕೊಂಡು, ಆ ಗೆರೆಯಿಂದ ಕೆಳಗೆ ಬುಡದಿಂದ ತುದಿಗೆ ಸ್ಲಿಕರ್ ಬ್ರಷ್ (ಸಣ್ಣ ತಂತಿ ಹಲ್ಲಿನದು) ಆಡಿಸಿ, ಆಮೇಲೆ ಅರ್ಧ ಅಂಗುಲ ಮೇಲಿನ ಪದರ, ಆಮೇಲೆ ಅದರ ಮೇಲಿನದು. ಕೊನೆಗೆ ಸ್ಟೀಲಿನ ಬಾಚಣಿಗೆ ಚರ್ಮದಿಂದ ತುದಿವರೆಗೆ ಎಲ್ಲೂ ತಡೆಯದೆ ಇಳಿದರೆ ಪಾಸು. ತಡೆದರೆ ಅಲ್ಲಿ ಗಂಟಿದೆ.

ಗಂಟು ಇರುವಾಗ ಸ್ನಾನ ಮಾಡಿಸಬೇಡಿ, ನೀರು ಬಿದ್ದು ಒಣಗಿದರೆ ಇನ್ನೂ ಬಿಗಿಯುತ್ತೆ. ಕತ್ತರಿಯಂತೂ ಬೇಡವೇ ಬೇಡ. ಗಂಟಿನೊಳಗೆ ಚರ್ಮವೂ ಎದ್ದು ಬಂದಿರುತ್ತೆ, ಕೂದಲು ಅಂದುಕೊಂಡು ಚರ್ಮ ಕತ್ತರಿಸಿಕೊಂಡು ಬಂದ ನಾಯಿಗಳಿಗೆ ಹೊಲಿಗೆ ಹಾಕಿ ನನಗೆ ಸಾಕಾಗಿದೆ. ಇಷ್ಟೆಲ್ಲ ದಿನಾ ಆಗಲ್ಲ ಅನ್ನುವುದಾದರೆ ಆರರಿಂದ ಎಂಟು ವಾರಕ್ಕೊಮ್ಮೆ ಮರಿಯ ಹಾಗೆ ಗಿಡ್ಡ ಕಟಿಂಗ್ ಮಾಡಿಸಿ. ಫೋಟೋದಲ್ಲಿ ಸ್ವಲ್ಪ ಕಡಿಮೆ ಚೆಂದ, ನಾಯಿಗೆ ಆರಾಮು.

ಬಳ್ಳಾರಿ ಬಿಸಿಲು ನಿಮಗೆ ಗೊತ್ತೇ ಇದೆ. ನಮ್ಮ ಜರ್ಮನ್ ಶೆಫರ್ಡ್ ದಿನವಿಡೀ ನಾಲಗೆ ಚಾಚಿಕೊಂಡು ಏದುಸಿರು ಬಿಡುತ್ತಾನೆ. ಕೂದಲು ಬೋಳಿಸಿಬಿಡೋಣವೇ?
– ಬಳ್ಳಾರಿಯಿಂದ ಒಬ್ಬರು

ಬೇಡ. ಇದಕ್ಕೆ ನನ್ನದೇ ಮನೆಯ ಕತೆ ಹೇಳುತ್ತೇನೆ. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಮನೆಯಲ್ಲೊಂದು ಬಿಳಿ ಪಾಮ್ ಇತ್ತು (ಪಾಮರೇನಿಯನ್ ಅಂತ ಕರೆಯುತ್ತಿದ್ದೆವು, ನಿಜವಾಗಿ ಇಂಡಿಯನ್ ಸ್ಪಿಟ್ಜ್). ಏಪ್ರಿಲ್ ಸೆಕೆ ನೋಡಲಾರದೆ ಅಪ್ಪ ಕರುಣೆಯಿಂದಲೇ ಮಷಿನ್ ಹಿಡಿದು ಬೋಳಿಸಿದರು. ಕಾಲು, ಕುತ್ತಿಗೆಯಲ್ಲಿ ಬೇಗ ಬಂತು. ಬೆನ್ನಿನಲ್ಲಿ ಮುಂದಿನ ವರ್ಷದ ದೀಪಾವಳಿ ಬಂದರೂ ಅಲ್ಲಲ್ಲಿ ಚಾಪೆ ಸವೆದ ಹಾಗೆ ಬೋಳು. ನೋಡಿದವರೆಲ್ಲ ಕಜ್ಜಿಯಾ ಅಂತ ಕೇಳುವವರೇ. ಸ್ಪಿಟ್ಜ್, ಹಸ್ಕಿ ಥರದ ನಾಯಿಗಳಲ್ಲಿ ಬಹುಪಾಲು ಎಳೆಗಳು ಬೆಳೆಯದೆ ಸುಮ್ನೆ ನಿಂತಿರುವಂಥವು. ಬೋಳಿಸಿದ ಮೇಲೆ ಅವು ಎದ್ದು ಬೆಳೆಯಲು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷದ ಮೇಲೂ ತಗೊಳ್ಳುತ್ತವೆ.

ಬೋಳಿಸಿದರೆ ತಂಪಾಗುತ್ತೆ ಅನ್ನುವುದು ನಮ್ಮ ಮೈಯ ಲೆಕ್ಕ. ನಾವು ಮೈತುಂಬ ಬೆವರುತ್ತೇವೆ. ನಾಯಿ ಬೆವರುವುದು ಮುಖ್ಯವಾಗಿ ಪಾದದಲ್ಲಿ, ಬಿಸಿ ಹೊರಗೆ ಹೋಗುವುದು ಏದುಸಿರಿನಲ್ಲಿ. ಮೇಲ್ಗೂದಲು ಬಿಸಿಲು ನೇರ ಚರ್ಮಕ್ಕೆ ತಾಗದಂತೆ ತಡೆಯುತ್ತೆ. ನೀವು ತೆಗೆಯಬೇಕಾದ್ದು ಒಳಗೆ ಸತ್ತು ಸಿಕ್ಕಿಕೊಂಡಿರುವ ತುಪ್ಪಳ. ಅದಕ್ಕೆ ಉದ್ದ ಹಲ್ಲಿನ ರೇಕ್ ಸಿಗುತ್ತೆ, ಬೆನ್ನು, ತೊಡೆಯ ಹಿಂಭಾಗದಲ್ಲಿ ಹಗುರವಾಗಿ ಎಳೆಯಿರಿ. ಹೊಟ್ಟೆಯ ಅಡಿ ಸ್ವಲ್ಪ ಗಿಡ್ಡ ಮಾಡಿದರೆ ತೊಂದರೆಯಿಲ್ಲ, ತಂಪು ನೆಲಕ್ಕೆ ಮಲಗಿದಾಗ ಹಿತವಾಗಿರುತ್ತೆ. ವಾಕಿಂಗ್ ಸೂರ್ಯ ಏರುವ ಮುಂಚೆ ಮುಗಿಸಿ. ನೆರಳು, ಫ್ಯಾನು, ನೀರು ಇದ್ದೂ ಏದುಸಿರು ನಿಲ್ಲದೆ, ಜೊಲ್ಲು ಸುರಿಸುತ್ತಾ ತೂರಾಡಿದರೆ ಮೈಗೆ ನೀರು ಹಾಕುತ್ತಲೇ ಆಸ್ಪತ್ರೆಗೆ ಓಡಿ.

ಮಗನಿಗೆ ವೀಸಿಂಗ್ ಇದೆ. ಲ್ಯಾಬ್ರಡೂಡಲ್ ತಂದರೆ ಕೂದಲೂ ಉದುರಲ್ಲ, ಅಲರ್ಜಿಯೂ ಬರಲ್ಲ ಅಂತ ಮಾರುವವರು ಹೇಳುತ್ತಾರೆ. ನಂಬಬಹುದಾ?
– ಬೆಂಗಳೂರಿನ ತಾಯಿ

ಎರಡೂ ನಂಬಬೇಡಿ. ಲ್ಯಾಬ್ರಡೂಡಲ್ ಅಂದರೆ ಲ್ಯಾಬ್ರಡಾರ್, ಪೂಡಲ್ ಸೇರಿದ ಮಿಶ್ರ ತಳಿ. ನಾಯಿಗಳ ಕೂದಲಿನ ಉದ್ದ, ಸುರುಳಿ, ಮೀಸೆ-ಗಡ್ಡ ಇವನ್ನು ಬಹುಪಾಲು ಮೂರೇ ಜೀನ್‌ಗಳು ನಿರ್ಧರಿಸುತ್ತವೆ ಅಂತ 2009ರಲ್ಲಿ ಕಂಡುಕೊಂಡರು. ಮಿಶ್ರ ತಳಿಯಲ್ಲಿ ಯಾವ ಮರಿಗೆ ಯಾವುದು ಹೋಯಿತೋ! ಒಂದೇ ಸೂಲಿನಲ್ಲಿ ಒಂದು ಪೂಡಲ್‌ನಂತೆ ಸುರುಳಿ, ಇನ್ನೊಂದು ಲ್ಯಾಬ್‌ನಂತೆ ಉದುರುವುದು ಆಗುತ್ತೆ.

ಅಲರ್ಜಿಯ ಮೂಲವೂ ಕೂದಲಲ್ಲ. ಜೊಲ್ಲು, ಚರ್ಮದ ಹೊಟ್ಟಿನಲ್ಲಿರುವ ಪ್ರೋಟೀನು. 2012ರ ಒಂದು ಡಚ್ ಅಧ್ಯಯನದಲ್ಲಿ ಅಲರ್ಜಿ ಬರಲ್ಲ ಅಂತ ಹೆಸರಾದ ತಳಿಗಳ ಕೂದಲಿನಲ್ಲೇ ಆ ಪ್ರೋಟೀನು ಬೇರೆ ನಾಯಿಗಳಿಗಿಂತ ಜಾಸ್ತಿ ಸಿಕ್ಕಿತು. ಲ್ಯಾಬ್ರಡೂಡಲ್ ಇದ್ದ ಮನೆಗಳ ನೆಲದ ಧೂಳಿನಲ್ಲೇನೋ ಕಡಿಮೆ ಇತ್ತು, ಗಾಳಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಮೊದಲು ಮಗನ ಡಾಕ್ಟರನ್ನು ಕೇಳಿ. ಅವರು ಹೂಂ ಅಂದರೆ ತರಬೇಕೆಂದಿರುವ ಅದೇ ನಾಯಿಯ ಜೊತೆ ಮಗ ನಾಲ್ಕೈದು ಸಲ ಕೂತು ಆಡಲಿ. ತಂದ ಮೇಲೆ ವಾಪಸ್ ಕೊಡುವುದು ಹುಡುಗನಿಗೂ ಕಷ್ಟ, ನಾಯಿಗೂ ಕಷ್ಟ.

ಮುಧೋಳ ನಾಯಿಗೆ ಏನೇನು ಗ್ರೂಮಿಂಗ್ ಬೇಕ್ರಿ?
– ರೈತರು, ಜಮಖಂಡಿ

ಏನೂ ಇಲ್ರಿ. ನಿಮ್ಮ ಕಡೆಯ ಹವೆಗೆ ಹೇಳಿ ಮಾಡಿಸಿದಂಥ ಗಿಡ್ಡ, ನುಣುಪು ಕೂದಲು. ವಾರಕ್ಕೊಮ್ಮೆ ಒದ್ದೆ ಒರಟು ಬಟ್ಟೆಯಿಂದ ಒರೆಸಿ, ಉಗುರು ನೋಡಿ. ಮೈಯಲ್ಲಿ ಕೊಬ್ಬು ಕಡಿಮೆ, ಚಳಿಗಾಲದ ರಾತ್ರಿ ಒಂದು ಗೋಣಿಚೀಲ ಹಾಸಿ ಕೊಡಿ, ಮೊಣಕೈ ಚರ್ಮ ಗಟ್ಟಿಯಾಗುವುದೂ ತಪ್ಪುತ್ತೆ. ತಳಿಯ ಬಗ್ಗೆ ಹೆಚ್ಚು ಬೇಕಾದರೆ ಪಕ್ಕದ ತಿಮ್ಮಾಪುರದಲ್ಲೇ ಶ್ವಾನ ಸಂಶೋಧನಾ ಕೇಂದ್ರವಿದೆಯಲ್ಲ, ಒಮ್ಮೆ ಹೋಗಿ ಬನ್ನಿ.

ಬೀದಿಯಿಂದ ತಂದ ಹೆಣ್ಣುನಾಯಿ. ಮರಿ ಹಾಕಿ ಎರಡು ತಿಂಗಳು, ಈಗ ಹಿಡಿ ಹಿಡಿ ಕೂದಲು ಬರುತ್ತಿದೆ. ಎಣ್ಣೆ ಹಚ್ಚಲೇ?
– ಓದುಗರು, ಸಾಗರ

ಎಣ್ಣೆ ಬೇಡ, ನೆಕ್ಕಿ ನೆಕ್ಕಿ ಭೇದಿ ಮಾಡಿಕೊಳ್ಳುತ್ತೆ. ಬಾಣಂತನದ ನಂತರ ಹೀಗೆ ಉದುರುವುದು ಮಾಮೂಲು, ಹಾಲು ನಿಂತು ಮೈ ತುಂಬಿಕೊಂಡ ಮೇಲೆ ಮತ್ತೆ ಬರುತ್ತೆ. ಮೊಟ್ಟೆ, ಮೀನು ಕೊಡಿ. ಆದರೆ ದುಂಡಗೆ ಬೋಳು ಮಚ್ಚೆ ಬಿದ್ದಿದ್ದರೆ, ತುರಿಸಿ ತುರಿಸಿ ಕೆಂಪಾಗಿದ್ದರೆ, ಅಥವಾ ತುರಿಕೆಯೇ ಇಲ್ಲದೆ ಎರಡೂ ಪಕ್ಕೆ ಒಂದೇ ಥರ ಬೋಳಾಗಿದ್ದರೆ ಅದು ಬೇರೆ ವಿಷಯ. ಬೋಳು ಮಚ್ಚೆಯಲ್ಲಿ ಕೆಲವು ಮನುಷ್ಯರಿಗೂ ಅಂಟುವಂಥವು. ಹತ್ತಿರದ ಪಶು ಆಸ್ಪತ್ರೆಯಲ್ಲಿ ಚರ್ಮ ಕೆರೆದು ಪರೀಕ್ಷೆ ಮಾಡಿಸಿ, ಅಲ್ಲಿಯವರೆಗೆ ಮಕ್ಕಳನ್ನು ಅದರ ಜೊತೆ ಮಲಗಿಸಬೇಡಿ.