ಪೆರ್ಲದ ತೋಟದ ಮನೆಗೆ ಯಾವ ಫೋನ್, ಯಾವ ಸಿಮ್?

ಪೆರ್ಲದ ಒಳಭಾಗದ ತೋಟದ ಮನೆಯಲ್ಲಿರುವ ತಾಯಿಗೆ 15 ಸಾವಿರದೊಳಗೆ ಯಾವ ಫೋನ್, ಯಾವ ಸಿಮ್ ಎಂದು ಕೇಳಿದ್ದೀರಿ. ಮೊದಲು ಸಿಮ್ ಗೊತ್ತುಮಾಡಿಕೊಳ್ಳಿ, ಫೋನ್ ಆಮೇಲೆ. ನಮ್ಮ ಗುಡ್ಡ ಕಣಿವೆಗಳಲ್ಲಿ ನೆರೆಮನೆಯವರ ಅನುಭವವೂ ಪೂರ್ತಿ ಹೊಂದುವುದಿಲ್ಲ. ನಮ್ಮಲ್ಲಿ ತುಳಸಿಕಟ್ಟೆಯ ಬಳಿ ಮೂರು ಗೆರೆ ಸಿಗ್ನಲ್ ಬರುತ್ತದೆ, ಅಡುಗೆಮನೆಗೆ ಕಾಲಿಟ್ಟರೆ ಒಂದೂ ಇಲ್ಲ! ಊರಿಗೆ ಹೋದಾಗ ಬೇರೆ ಬೇರೆ ಕಂಪನಿಯ ಸಿಮ್ ಇರುವ ನೆಂಟರ ಫೋನುಗಳನ್ನು ಹಿಡಿದು, ಅಮ್ಮ ಹೆಚ್ಚು ಹೊತ್ತು ಇರುವ ಕೋಣೆಯಲ್ಲೇ ನಿಂತು ಕರೆ ಮಾಡಿ ನೋಡಿ.

ಫೋನ್ ಕೊಳ್ಳುವಾಗ ಕ್ಯಾಮೆರಾಕ್ಕಿಂತ ಮೊದಲು ಬ್ಯಾಂಡ್‌ಗಳ, ಅಂದರೆ ಫೋನ್ ಹಿಡಿಯಬಲ್ಲ ಸಿಗ್ನಲ್ ಆವರ್ತನಗಳ, ಪಟ್ಟಿ ಓದಿ. ಬಿಎಸ್‌ಎನ್‌ಎಲ್ 4ಜಿ ಬೇಕಾದರೆ 700 ಮೆಗಾಹರ್ಟ್ಸ್‌ನ ಬ್ಯಾಂಡ್ 28 ಇರುವ ಫೋನೇ ಒಳ್ಳೆಯದು. ಇಂಥ ಕಡಿಮೆ ಆವರ್ತನದ ಅಲೆಗಳು ಮರ, ಗೋಡೆಗಳನ್ನು ಹೆಚ್ಚು ಚೆನ್ನಾಗಿ ದಾಟಿ ದೂರ ಹೋಗುತ್ತವೆ. ಎರಡು ಸಿಮ್ ಹಿಡಿಯುವ ಫೋನನ್ನೇ ಆರಿಸಿ. ಮನೆಗೆ ಇಂಟರ್ನೆಟ್ ಕೇಬಲ್ ಬಂದಿದ್ದರೆ ವೈಫೈ ಮೂಲಕ ಕರೆ ಮಾಡುವ ಸೌಲಭ್ಯ ದೊಡ್ಡ ಉಪಕಾರ. ಅದಕ್ಕೆ ಫೋನ್ ಮತ್ತು ಕಂಪನಿ ಎರಡರ ಬೆಂಬಲವೂ ಬೇಕು, ಅಂಗಡಿಯಲ್ಲೇ ಕೇಳಿ.

ಅಮ್ಮನ ಹಳೆಯ ನಂಬರನ್ನು ಬಿಡಬೇಡಿ, ಅದನ್ನೇ ಉಳಿಸಿಕೊಂಡು ಕಂಪನಿ ಬದಲಿಸಬಹುದು. ಅಮ್ಮನ ಸಿಮ್‌ನಿಂದಲೇ ಪೋರ್ಟ್ (PORT) ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು ಆ ನಂಬರ್ ಸೇರಿಸಿ 1900ಕ್ಕೆ ಸಂದೇಶ ಕಳುಹಿಸಿದರೆ ಹೊಸ ಕಂಪನಿಗೆ ಕೊಡಬೇಕಾದ ಕೋಡ್ ಬರುತ್ತದೆ, ಅದು 4 ದಿನ ಮಾತ್ರ ನಡೆಯುತ್ತದೆ. ಆದರೆ ಒಮ್ಮೆ ಕಂಪನಿ ಬದಲಿಸಿದರೆ 90 ದಿನ ಮತ್ತೆ ಬದಲಿಸಲಾಗದು. ಅದಕ್ಕೇ ಆ ಕೋಣೆಯ ಪರೀಕ್ಷೆಯನ್ನು ಮೊದಲು ಮಾಡಿ ಎಂದದ್ದು.